ಗಾಳಿಯನ್ನೂ ಲೀಟರಿನಲ್ಲಿ ಅಳೆದ ನಮ್ಮ ಮನೆಯ ಮೀಟರು ಮಹಾಶಯರಿಗೆ

ಬೀದಿಯ ಕೊನೆಯ ಮನೆಯ ಮುಂಗೋಡೆಯಲ್ಲಿ, ಗೇಟಿನ ಎಡಕ್ಕೆ, ನೆಲದಿಂದ ಎರಡು ಗೇಣು ಮೇಲೆ ಕಬ್ಬಿಣದ ಪೆಟ್ಟಿಗೆಯೊಳಗೆ ವಾಸವಾಗಿರುವ ನೀರಿನ ಮೀಟರು ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗಾಜಿಗೆ ಧೂಳು ಮುಟ್ಟದಿರಲಿ, ತಮ್ಮ ಮುಳ್ಳಿಗೆ ತುಕ್ಕು ತಟ್ಟದಿರಲಿ, ತಮ್ಮ ಮುಚ್ಚಳದ ತಿರುಪು ಎಂದೆಂದಿಗೂ ಸಡಿಲವಾಗದಿರಲಿ ಎಂದು ಹಾರೈಸುತ್ತಾ, ಅದೇ ಮನೆಯ ಸೊಸೆಯಾದ ನಾನು ಬರೆದುಕೊಳ್ಳುವ ವಿನಮ್ರ ದೂರು ಏನೆಂದರೆ, ದೂರಿಗೆ ಮೊದಲು ಒಂದು ಕ್ಷಮಾಪಣೆ. ಇದನ್ನು ಹೀಗೆ ನಾಲ್ಕು ಜನ ಓದುವಂತೆ ಬರೆಯದೆ ಗುಟ್ಟಾಗಿಯೇ ತಿಳಿಸಬಹುದಿತ್ತು. ದಿನಕ್ಕೆ ಎರಡು ಸಲ ತಮ್ಮ ಮುಂದೆಯೇ ಸೈಕಲ್ಲು ತಳ್ಳಿಕೊಂಡು ಹೋಗುವವಳು ನಾನು. ಬಗ್ಗಿ ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತಮಗೆ ಕಿವಿ ಎಲ್ಲಿದೆ ಎಂದು ನಮ್ಮ ಯಜಮಾನರು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗಲಿಲ್ಲ. ನೀರು ಸರಬರಾಜು ಕಚೇರಿಗೆ ಬರೆಯೋಣವೆಂದರೆ, ಆ ಕಚೇರಿಯವರು ಮೀಟರಾದ ತಾವು ಹೇಳಿದ್ದನ್ನು ಬಿಟ್ಟರೆ ಭೂಮಿಯ ಮೇಲೆ ಇನ್ಯಾರು ಹೇಳಿದ್ದನ್ನೂ ನಂಬುವವರಲ್ಲ. ಆದ್ದರಿಂದ ನೇರವಾಗಿ ತಮ್ಮ ಬಳಿಗೇ ಬಂದಿದ್ದೇನೆ.

ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಬಾರದ ಬಸ್ಸನ್ನು ಕೇಳಿಕೊಂಡು ಬರುವವರಿಗೆ ಬೇಸರವಾಗದಂತೆ ಉತ್ತರ ಹೇಳುವುದು ಹದಿನೆಂಟು ವರ್ಷದಿಂದ ನನ್ನ ಕಸುಬು. ಆದ್ದರಿಂದ ಈ ಪತ್ರದಲ್ಲಿ ವಿನಯ ಅತಿಯಾಯಿತೆನಿಸಿದರೆ ಅದು ಕಸುಬಿನ ದೋಷ. ನಡುನಡುವೆ ಪ್ರಾಸ ನುಸುಳಿದರೆ ಅದು ಹುಟ್ಟಿನಿಂದ ಬಂದದ್ದು. ಒಮ್ಮೆ ಮೈಕಿನಲ್ಲಿ "ಹತ್ತರ ಬಸ್ಸು ಹತ್ತಕ್ಕಿಲ್ಲ, ಹತ್ತಲು ಬಂದವರ ತಪ್ಪೇನಿಲ್ಲ" ಎಂದು ಹೇಳಿದ್ದಕ್ಕೆ ನಮ್ಮ ಮ್ಯಾನೇಜರು ಒಂದು ವಾರ ಮೈಕನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮದು ಮರಳುಗಾಡಿನ ಅಂಚಿನ ಊರು ಎಂಬುದು ತಮಗೆ ತಿಳಿಯದ್ದಲ್ಲ. ತಮ್ಮ ಪೆಟ್ಟಿಗೆಯೊಳಗೂ ಅಂಗೈಯಷ್ಟು ಮರಳಿದೆ. ಇಲ್ಲಿ ಮಳೆ ವರ್ಷಕ್ಕೆರಡು ಸಲ ಬರುತ್ತದೆ, ಅದೂ ವಿಳಾಸ ತಪ್ಪಿ. ಕೊಳಾಯಿಯ ನೀರು ನಾಲ್ಕು ದಿನಕ್ಕೊಮ್ಮೆ, ಮೂವತ್ತೈದು ನಿಮಿಷ. ಬೆಳಗಿನಿಂದ ಸಂಜೆಯೊಳಗೆ ಯಾವ ಹೊತ್ತಿಗೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ಈ ವಿಷಯದಲ್ಲಿ ನನ್ನ ಬಸ್ಸುಗಳೇ ವಾಸಿ. ನಮ್ಮ ಮನೆ ಪೈಪಿನ ತುತ್ತತುದಿಯಲ್ಲಿರುವುದರಿಂದ, ಹಿಂದಿನ ಮೂವತ್ತೊಂದು ಮನೆಗಳ ಬಕೆಟ್ಟು, ಕೊಡ, ಡ್ರಮ್ಮುಗಳಿಗೆ ನಮಸ್ಕಾರ ಹೇಳಿ ಮುಗಿಸಿಕೊಂಡು, ಸುಸ್ತಾಗಿ, ಏದುಸಿರು ಬಿಡುತ್ತಾ ನೀರು ನಮ್ಮಲ್ಲಿಗೆ ಬಂದು ತಲುಪುತ್ತದೆ.

ಇಂಥ ನೀರಿನಲ್ಲಿ ನಮ್ಮ ಅತ್ತೆ ತೋಟ ಮಾಡುತ್ತಾರೆ. ಅವರಿಗೆ ಎಪ್ಪತ್ತೆರಡು ವರ್ಷ, ಮಾತು ಕಡಿಮೆ, ಮಾತಿನ ತೂಕ ಜಾಸ್ತಿ. ಹಿತ್ತಲಿನಲ್ಲಿ ಹದಿಮೂರು ಮಣ್ಣಿನ ಗಡಿಗೆಗಳನ್ನು ಕತ್ತಿನವರೆಗೆ ಹೂತು, ಬಾಯಿಗೆ ಮುಚ್ಚಳವಿಟ್ಟು, ಅವುಗಳ ಸುತ್ತ ಬದನೆ, ಮೆಣಸಿನಕಾಯಿ, ಪುದೀನ ಬೆಳೆಸಿದ್ದಾರೆ. ನೀರು ಬಂದ ದಿನ ಗಡಿಗೆ ತುಂಬಿಸಿದರೆ ಅದು ಮೈಯಿಂದ ಬೆವರಿದ ಹಾಗೆ ಜಿನುಗಿ ಬೇರಿಗಷ್ಟೇ ಕುಡಿಸುತ್ತದೆ. ಬಿಸಿಲಿಗೆ ಒಂದು ಹನಿಯ ಪಾಲೂ ಇಲ್ಲ. ಮೇಲೆ ಒಣಹುಲ್ಲು, ಹುಲ್ಲಿನ ಮೇಲೆ ಬೆಣಚುಕಲ್ಲು, ಕಲ್ಲಿನ ಮೇಲೆ ಅತ್ತೆಯ ಹಳೆಯ ಸೀರೆಯ ನೆರಳು. ತರಕಾರಿ ತೊಳೆದ ನೀರು ಪಾತ್ರೆಗೆ, ಪಾತ್ರೆಯ ನೀರು ಪಾತಿಗೆ. ಸ್ನಾನ ಅಗಲ ಟಬ್ಬಿನೊಳಗೆ ನಿಂತು, ಅದೂ ನೊರೆ ಬರುವ ಸೋಪಿಲ್ಲದೆ. ನೊರೆ ಎಂದರೆ ಸೊಕ್ಕು ಎಂದು ಅತ್ತೆಯ ಅಭಿಪ್ರಾಯ. ಮುಖ ತೊಳೆಯಲು ಅಡ್ಡಿಯಿಲ್ಲ, ಆದರೆ "ಎಲ್ಲಿ ನಿಂತು ತೊಳ್ಕೋತೀಯ ಅನ್ನೋದು ಮುಖ್ಯ." ಯಜಮಾನರಿಗೆ ಬದನೆ ಪಾತಿ, ನನಗೆ ಮೆಣಸಿನ ಗಿಡ, ನೆಂಟರಿಷ್ಟರಿಗೆ ಪುದೀನ. ನಮ್ಮ ಮ್ಯಾನೇಜರ ಕೋಣೆಯ ಎ.ಸಿ. ತೊಟ್ಟಿಕ್ಕಿಸುವ ನೀರನ್ನು ಕೂಡ ನಾನು ಕ್ಯಾನಿನಲ್ಲಿ ಹಿಡಿದು ದಿನಕ್ಕೆ ಎರಡು ಲೀಟರು ಸೈಕಲ್ಲಿಗೆ ಕಟ್ಟಿಕೊಂಡು ತರುತ್ತೇನೆ. ಅವರು ಸೆಕೆಯಾಗಿ ಎ.ಸಿ. ಜೋರು ಮಾಡಿದಾಗಲೆಲ್ಲ ನನ್ನ ಮುಖ ಅರಳುವುದನ್ನು ಕಂಡು, ಈಕೆ ಎಷ್ಟು ಒಳ್ಳೆಯವಳು, ಮೇಲಿನವರ ಸುಖಕ್ಕೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದಾರೆ.

ಈ ತೋಟದ ನಡುವೆ ಒಂದು ದಾಳಿಂಬೆ ಗಿಡವಿದೆ. ಇಡೀ ದೂರು ಸುತ್ತುವುದು ಅದರ ಸುತ್ತಲೇ. ನೆಟ್ಟು ಒಂಬತ್ತು ವರ್ಷ. ಏಳು ವರ್ಷ ಬರೀ ಎಲೆ, ಎಂಟನೆಯ ವರ್ಷ ಹೂ, ಹೋದ ವರ್ಷ ಮೂರು ಕಾಯಿ. ಕಾಯಿ ಬಲಿಯುವ ಹೊತ್ತಿಗೆ ದಾಳಿಂಬೆಗೆ ನೀರು ಹೆಚ್ಚು ಬೇಡ, ಆದರೆ ತಪ್ಪಬಾರದು. ಒಣಗಿಸಿ ಆಮೇಲೆ ಕುಡಿಸಿದರೆ ಸಿಪ್ಪೆ ಬಿರಿಯುತ್ತದೆ. ಹೋದ ವರ್ಷ ಎರಡು ಸರದಿ ನೀರು ಬರಲಿಲ್ಲ, ಮೂರನೆಯ ಸರದಿಗೆ ಬಂತು, ಮರುದಿನ ಮೂರೂ ಕಾಯಿಗಳು ಬಾಯಿ ಬಿಟ್ಟಿದ್ದವು. ಅತ್ತೆ ಮೂರನ್ನೂ ಕಿತ್ತು ಮೊರದಲ್ಲಿಟ್ಟರು. ಎರಡು ದಿನ ಯಾರನ್ನೂ ಬೈಯಲಿಲ್ಲ. ಅವರು ಬೈಯದ ಮನೆಯಲ್ಲಿರುವುದು ಎಷ್ಟು ಕಷ್ಟ ಎಂದು ನಮಗೆ ಆಗಲೇ ಗೊತ್ತಾದದ್ದು. ಈ ವರ್ಷ ಹನ್ನೊಂದು ಕಾಯಿ ಕಟ್ಟಿವೆ. ಹನ್ನೊಂದಕ್ಕೂ ಅತ್ತೆ ಹಳೆಯ ಬಟ್ಟೆಯಲ್ಲಿ ಚೀಲ ಹೊಲಿದು ತೊಡಿಸಿದ್ದಾರೆ, ಹಕ್ಕಿ ಕುಕ್ಕದಿರಲೆಂದು. ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟರು ಕಾಂಪೌಂಡಿನ ಮೇಲಿಂದ ಇಣುಕಿ, "ಅಮ್ಮಾ, ನಿಮ್ಮ ಗಿಡದ ಹಣ್ಣು ತಿನ್ನೋ ಯೋಗ ನನಗಿದೆಯೋ ಇಲ್ವೋ" ಎಂದರೆ, ಅತ್ತೆ "ನಿಮಗೆ ಹಲ್ಲಿರೋದ್ರೊಳಗೆ ಆಗತ್ತೆ ಬಿಡಿ" ಎನ್ನುತ್ತಾರೆ.

ಇನ್ನು ನಲ್ಲಿಯ ವಿಚಾರ. ನೀರು ಯಾವ ಹೊತ್ತಿಗೆ ಬರುತ್ತದೆಂದು ತಿಳಿಯದ ಬೀದಿಯಲ್ಲಿ ನೀರಿನ ಸುದ್ದಿ ತಿಳಿಯುವುದು ಹೇಗೆ? ನಮ್ಮ ಬೀದಿಯವರು ಒಂದೊಂದು ಉಪಾಯ ಮಾಡಿಕೊಂಡಿದ್ದಾರೆ. ಒಬ್ಬರು ನಲ್ಲಿಯ ಕೆಳಗೆ ತಗಡಿನ ಮುಚ್ಚಳ ಕವುಚಿಡುತ್ತಾರೆ, ಹನಿ ಬಿದ್ದರೆ ಟಣ್ ಎನ್ನಲೆಂದು. ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಸಣ್ಣ ಯಂತ್ರಗಳೆಂದರೆ ಪ್ರಾಣ. ಅವರು ನಲ್ಲಿಯ ಬಾಯಿಗೆ ಮಕ್ಕಳಾಟದ ಒಂದು ಪೀಪಿಯನ್ನು ರಬ್ಬರು ಸುತ್ತಿ ಸಿಕ್ಕಿಸಿದರು. ನಲ್ಲಿಯನ್ನು ಪೂರ್ತಿ ತೆರೆದಿಡುವುದು. ನೀರು ಪೈಪಿನೊಳಗೆ ಹೊರಟಾಗ ಮುಂದಿರುವ ಗಾಳಿಯನ್ನೆಲ್ಲ ತಳ್ಳಿಕೊಂಡು ಬರುತ್ತದಷ್ಟೆ. ಆ ಗಾಳಿ ನಮ್ಮ ತುದಿಗೆ ಬಂದು ಪೀಪಿ ಊದುತ್ತದೆ. ನೀರಿಗಿಂತ ಮುಕ್ಕಾಲು ಗಂಟೆ ಮೊದಲೇ "ಪೀಂ" ಎಂದು ಶುರುವಾದರೆ, ಅತ್ತೆ ಮಲಗಿದ್ದಲ್ಲಿಂದಲೇ "ಬಂತು ಬಂತು, ಡ್ರಮ್ಮು ಉರುಳಿಸಿ" ಎನ್ನುವರು. ಪಕ್ಕದ ನಾಲ್ಕು ಮನೆಯವರೂ ಅದೇ ದನಿ ಕೇಳಿ ಬಕೆಟ್ಟು ಹಿಡಿಯುವರು. ಏಳು ವರ್ಷ ಈ ಪೀಪಿಯೇ ನಮ್ಮ ಪಂಚಾಂಗ.

ಆ ಏಳೂ ವರ್ಷ ನಮ್ಮ ಗೋಡೆಯಲ್ಲಿ ಇದ್ದವರು ತಮ್ಮ ಹಿರಿಯರು, ತುಕ್ಕು ಹಿಡಿದ ಹಳೆಯ ಮೀಟರು. ಗಾಳಿಗೆ ಅವರು ಅಲ್ಲಾಡುತ್ತಿರಲಿಲ್ಲ, ನೀರಿಗೂ ಬಹಳ ಕೇಳಿಕೊಂಡರೆ ಮಾತ್ರ. ಐದು ತಿಂಗಳ ಹಿಂದೆ ಅವರನ್ನು ಕಿತ್ತು ತಮ್ಮನ್ನು ಕೂರಿಸಿದರು. ತಾವು ಎಂಥ ಸೂಕ್ಷ್ಮ ಪ್ರಕೃತಿಯವರೆಂದರೆ, ಪೀಪಿಗೆ ಮೊದಲ ಉಸಿರು ಬರುವ ಮುಂಚೆಯೇ ತಮ್ಮ ಮುಳ್ಳು ಓಡಲಾರಂಭಿಸುತ್ತದೆ. ಇಡೀ ಬೀದಿಯ ಪೈಪಿನಲ್ಲಿರುವ ಗಾಳಿ ಹೊರಹೋಗಲು ಪೂರ್ತಿ ತೆರೆದ ಬಾಯಿ ನಮ್ಮದೊಂದೇ ಆದ್ದರಿಂದ, ಮೂವತ್ತೆರಡು ಮನೆಯ ಗಾಳಿಯೂ ತಮ್ಮ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತದೆ. ತಾವು ಒಂದು ಉಸಿರನ್ನೂ ಬಿಡದೆ ಎಣಿಸಿದಿರಿ. ಬರೆದುಕೊಂಡದ್ದು ಮಾತ್ರ ಗಾಳಿಯೆಂದಲ್ಲ, ನೀರೆಂದು.

ಬಿಂದಿಗೆ ತುಂಬಲು ಬಂದಿಲ್ಲ ನೀರು,
ಮುಂದಕೆ ಓಡುವ ಮುಳ್ಳಿಗೆ ಜೋರು.

ಮೂರು ತಿಂಗಳಿಗೆ ತೊಂಬತ್ತೊಂದು ಸಾವಿರ ಲೀಟರು! ನೋಟೀಸು ಕೈಗೆ ಬಂದಾಗ ನಾವು ಮೂವರೂ ಅದನ್ನು ಒಬ್ಬರಾದ ಮೇಲೊಬ್ಬರು ಓದಿದೆವು. ನಮ್ಮಲ್ಲಿರುವುದು ಎರಡು ಡ್ರಮ್ಮು, ಹನ್ನೊಂದು ಕೊಡ. ಎಲ್ಲವನ್ನೂ ಕಂಠಮಟ್ಟ ತುಂಬಿಸಿದರೂ ಸರದಿಗೆ ಐನೂರು ಲೀಟರು ದಾಟುವುದಿಲ್ಲ. ಆದರೂ ಆ ಅಂಕಿಯನ್ನು ನೋಡುತ್ತಾ ಕೂತಾಗ, ಸುಳ್ಳು ಹೇಳುವುದೇಕೆ, ಒಂದು ಬಗೆಯ ಶ್ರೀಮಂತಿಕೆಯ ಭಾವ ಬಂತು. ನಮ್ಮ ಪಾಲಿಗೆ ಒಂದು ಕೆರೆಯಿತ್ತು, ನಾವು ಗಮನಿಸಿರಲಿಲ್ಲ. ಈಜು ಕಲಿಯದೆ ಕಾಲ ಕಳೆದೆವಲ್ಲ ಎಂದು ಯಜಮಾನರು ನಿಟ್ಟುಸಿರುಬಿಟ್ಟರು. ಅದನ್ನೂ ತಾವು ಎಣಿಸಿಕೊಂಡಿರಬಹುದು.

ಆದರೆ ನೋಟೀಸಿನ ಕೊನೆಯ ಸಾಲು ತಮಾಷೆಯದಾಗಿರಲಿಲ್ಲ. ವಾರ್ಡಿನಲ್ಲೇ ಅತಿ ಹೆಚ್ಚು ನೀರು ಪೋಲು ಮಾಡುವ ಮನೆ ನಮ್ಮದು. ನಲವತ್ತೈದು ದಿನದೊಳಗೆ ತೋಟವನ್ನು ತೆಗೆಯತಕ್ಕದ್ದು. ತಪ್ಪಿದಲ್ಲಿ ನೀರನ್ನು ನಾಲ್ಕು ದಿನಕ್ಕೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಮಾಡಲಾಗುವುದು. ಕಾಯಿ ಹಣ್ಣಾಗಲು ಆಗ ಇನ್ನೂ ಎಪ್ಪತ್ತು ದಿನವಿತ್ತು. ಹದಿನೈದು ದಿನಕ್ಕೊಮ್ಮೆ ನೀರೆಂದರೆ ಹನ್ನೊಂದೂ ಬಿರಿಯುತ್ತವೆ ಎಂಬ ಲೆಕ್ಕ ಅತ್ತೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರು ನೋಟೀಸನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಿಡದ ಬುಡಕ್ಕೆ ಹೋಗಿ ಕೂತರು.

ಅದೇ ವಾರ ಕಚೇರಿಯವರು ನಮ್ಮ ಎದುರು ಮನೆಯ ಡ್ರಿಲ್ ಮೇಷ್ಟರಿಗೆ 'ಮಿತಜಲ ಕುಟುಂಬ' ಎಂಬ ಪ್ರಶಸ್ತಿಪತ್ರವನ್ನು ಚೌಕಟ್ಟು ಹಾಕಿಸಿ ಕೊಟ್ಟರು ಎಂಬುದನ್ನು ಅಸೂಯೆಯಿಂದಲ್ಲ, ಕೇವಲ ದಾಖಲೆಗಾಗಿ ಹೇಳುತ್ತಿದ್ದೇನೆ. ಅವರಲ್ಲಿ ಹುಲ್ಲುಹಾಸಿದೆ, ಅದರ ನಡುವೆ ಗಿರ್ರನೆ ತಿರುಗಿ ನೀರೆರಚುವ ಚಕ್ರವಿದೆ, ಅದು ಹುಲ್ಲಿಗೆ ಅರ್ಧ, ಬೀದಿಗೆ ಅರ್ಧ ಎಂದು ನ್ಯಾಯವಾಗಿ ಹಂಚುತ್ತದೆ. ಅವರ ಮನೆಯ ಮೀಟರು ಮಾತ್ರ ಎರಡು ವರ್ಷದಿಂದ ಒಂದೇ ಅಂಕಿಯಲ್ಲಿ ಸಾವಧಾನ್ ಭಂಗಿಯಲ್ಲಿ ನಿಂತಿದೆ. "ಶಿಸ್ತು ಬೇಕಮ್ಮಾ, ನೀರಿಗೂ ಶಿಸ್ತು ಬೇಕು" ಎಂದು ಪ್ರಶಸ್ತಿ ತೋರಿಸಲು ಬಂದ ಮೇಷ್ಟರು ನನಗೆ ಬುದ್ಧಿ ಹೇಳಿದಾಗ, ಅವರ ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ನಾವು ಅರ್ಜಿ ಕೊಟ್ಟು, ಸ್ಥಳ ಪರಿಶೀಲನೆಗೆ ಕಿರಿಯ ಎಂಜಿನಿಯರು ಬಂದದ್ದು, ತಿಂಗಳಿಗೊಮ್ಮೆ ತಮ್ಮ ಅಂಕಿ ಬರೆದುಕೊಂಡು ಹೋಗುವಾತ ಅವರ ಹಿಂದೆ ಕೊಡೆ ಹಿಡಿದು ಬಂದದ್ದು ತಮಗೆ ನೆನಪಿದೆ. ಆ ದಿನ ತಾವೇ ಮುಖ್ಯ ಅತಿಥಿ. ಅದು ನೀರಿನ ಸರದಿಯ ದಿನ. ಅತ್ತೆ ಎಂಜಿನಿಯರ ಕೈಗೆ ಖಾಲಿ ಬಕೆಟ್ಟು ಕೊಟ್ಟು, ನಲ್ಲಿಯ ಕೆಳಗೆ ಹಿಡಿಯಲು ಹೇಳಿದರು. ಪೀಪಿ ಊದಲಾರಂಭಿಸಿತು. ತಾವು ಓಡಲಾರಂಭಿಸಿದಿರಿ. ಯಜಮಾನರು ಕೈಗಡಿಯಾರ ನೋಡುತ್ತಾ ನಿಂತರು. ನಲವತ್ತೊಂದು ನಿಮಿಷದಲ್ಲಿ ತಾವು ಮೂರು ಸಾವಿರದ ನಾನೂರು ಲೀಟರು ಎಣಿಸಿದಿರಿ. ಬಕೆಟ್ಟಿನಲ್ಲಿ ಒಂದು ಚಿಟಿಕೆ ಮರಳು ಮತ್ತು ಗಾಬರಿಯಾದ ಒಂದು ಜೇಡ.

ಎಂಜಿನಿಯರು ಸಭ್ಯರು. ಬಕೆಟ್ಟಿನೊಳಗೆ ನೋಡಿ, ತಮ್ಮನ್ನು ನೋಡಿ, ಮತ್ತೆ ಬಕೆಟ್ಟನ್ನು ನೋಡಿ, "ಅಮ್ಮಾ, ಮೀಟರು ಕಚೇರೀದು. ಅದು ಸುಳ್ಳು ಹೇಳಲ್ಲ" ಎಂದರು.

ಅದಕ್ಕೆ ಅತ್ತೆ, "ಬಕೆಟ್ಟು ನಂದಪ್ಪ. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ" ಎಂದರು.

ಎಂಜಿನಿಯರು ಫಾರಂ ತೆಗೆದು ತೋರಿಸಿದರು. ಅದರಲ್ಲಿ ಸೋರಿಕೆ, ಪೋಲು, ಕಳವು, ತೋಟ ಎಂದು ನಾಲ್ಕೇ ಖಾನೆಗಳು. "ಗಾಳಿ ಅಂತ ಖಾನೆನೇ ಇಲ್ಲಮ್ಮ, ನಾನು ಎಲ್ಲಿ ಬರೀಲಿ?" ಎಂದು ಅವರು ನಿಜವಾದ ಸಂಕಟದಿಂದ ಕೇಳಿದರು. ಕೊನೆಗೆ ತೋಟದ ಮುಂದೆ ಗೀಟು ಎಳೆದು, ನಲ್ಲಿ ಮುಚ್ಚಿಡಿ ಎಂದು ಸಲಹೆ ಕೊಟ್ಟು ಹೊರಟರು. ಅವರ ಸಲಹೆಯನ್ನೂ ಪಾಲಿಸಿದೆವು, ಒಂದೇ ಒಂದು ಸರದಿ. ಮುಚ್ಚಿದ ನಲ್ಲಿಯನ್ನು ಗಳಿಗೆಗೊಮ್ಮೆ ತಿರುಗಿಸಿ ನೋಡುತ್ತಾ ಕೂತಿದ್ದ ಅತ್ತೆಗೆ ಮಧ್ಯಾಹ್ನ ಹತ್ತು ನಿಮಿಷ ಜೊಂಪು ಹತ್ತಿದ್ದು ಮುಕ್ಕಾಲು ಗಂಟೆಯಾಯಿತು. ನೀರು ಬಂದು, ಬಾಗಿಲು ತಟ್ಟದೆ ಹೋಯಿತು. ಆ ನಾಲ್ಕು ದಿನ ನಾನು ಎ.ಸಿ.ಯ ನೀರನ್ನೆಲ್ಲ ದಾಳಿಂಬೆಗೇ ಎರೆದೆ. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿದ್ದರೂ "ಸಾರ್, ಬಹಳ ಸೆಕೆ ಅಲ್ವಾ? ಇನ್ನೊಂಚೂರು ಜೋರು ಮಾಡಿ" ಎಂದು ಮ್ಯಾನೇಜರಿಗೆ ನಾಲ್ಕು ಸಲ ಹೇಳಿದೆ. ಅವರು ಸ್ವೆಟರು ಹಾಕಿಕೊಂಡು ಕೂತರು. ಕಾಯಿ ಉಳಿದವು.

ಮಹಾಶಯರೇ, ಈಗ ನಾನು ಹೇಳಲಿರುವುದು ಸ್ವಲ್ಪ ಸಂಕೋಚದ ವಿಷಯ. ಯಜಮಾನರು ಒಂದು ಮಧ್ಯಾಹ್ನ ಗಡಿಯಾರದ ಧೂಳು ಊದುವ ರಬ್ಬರಿನ ಬುರುಡೆಯನ್ನು ನಲ್ಲಿಯ ಬಾಯಿಗಿಟ್ಟು ಒಂದು ಸಲ ಅದುಮಿದರು. ತಮ್ಮ ಮುಳ್ಳು ನಡುಗಿತು. ಇನ್ನೊಂದು ಸಲ ಅದುಮಿದಾಗ ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು. ಯಜಮಾನರು ಮೂಗಿನ ಮೇಲಿನ ಭೂತಗನ್ನಡಿ ತೆಗೆದು, "ಮುಂದಕ್ಕೆ ತಿರುಗೋ ಚಕ್ರ ಹಿಂದಕ್ಕೂ ತಿರುಗತ್ತೆ ಕಣೇ, ತಡೆಯೋ ಹಲ್ಲೇ ಇಟ್ಟಿಲ್ಲ ಇದಕ್ಕೆ" ಎಂದರು. ಅತ್ತೆ ಒಳಗಿನಿಂದ ಕೇಳಿಸಿಕೊಂಡು, ಹೋಗಿ ಸೈಕಲ್ ಪಂಪು ತಂದು ಮಗನ ಕೈಗೆ ಕೊಟ್ಟರು.

ಇದನ್ನು ಯಾರೂ ತಪ್ಪು ತಿಳಿಯಬಾರದು. ಕಚೇರಿಯವರು ಕೊಟ್ಟಿರುವ ಕಿರುಪುಸ್ತಕದಲ್ಲಿ, ಗ್ರಾಹಕರು ಮೀಟರನ್ನು ಬಿಚ್ಚಬಾರದು, ಬಡಿಯಬಾರದು, ಬಣ್ಣ ಬಳಿಯಬಾರದು ಎಂದು ಬರೆದಿದೆ. ನಾವು ತಮ್ಮ ಕೂದಲನ್ನೂ ಕೊಂಕಿಸಿಲ್ಲ. ಮೂರು ತಿಂಗಳು ನಮಗೆ ತಿಳಿಯದೆ ಕಚೇರಿಯ ಗಾಳಿಯನ್ನು ಬಳಸಿಬಿಟ್ಟಿದ್ದೆವು. ಮರ್ಯಾದಸ್ಥರು ಮಾಡುವಂತೆ ಅದನ್ನು ಹಿಂದಿರುಗಿಸಿದೆವು, ಅಷ್ಟೆ. ಸರದಿಯಿಲ್ಲದ ದಿನಗಳಲ್ಲಿ, ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ, ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದಾಗ ಒಂದು ಗಂಟೆ, ಸಂಜೆ ಇಬ್ಬರೂ ಸೇರಿ. ಅತ್ತೆ ಮೊರದಲ್ಲಿ ಕಲ್ಲು ಆರಿಸುತ್ತಾ ತಮ್ಮ ಮುಂದೆ ಕೂತು, "ಇನ್ನೂ ಎರಡು ಲೀಟರು, ಕೈ ಬಿಡಬೇಡ" ಎನ್ನುತ್ತಿದ್ದರು. ನಾವು ಅಂಗಸಾಧನೆ ಮಾಡುತ್ತಿದ್ದೇವೆಂದು ತಿಳಿದ ಡ್ರಿಲ್ ಮೇಷ್ಟರು ಸಂತೋಷದಿಂದ ಕಾಂಪೌಂಡಿನಾಚೆ ನಿಂತು "ಒಂದ್, ಎರಡ್! ಬೆನ್ನು ನೇರ!" ಎಂದು ಹುರಿದುಂಬಿಸಿದರು. ಮೂರು ವಾರ. ನನ್ನ ತೋಳು ಈಗ ಎಂಥ ಗಟ್ಟಿಯಾಗಿದೆಯೆಂದರೆ ವಿಚಾರಣೆ ಕಿಟಕಿಯಲ್ಲಿ ಜನ ಮೊದಲಿಗಿಂತ ಮೃದುವಾಗಿ ಪ್ರಶ್ನೆ ಕೇಳುತ್ತಾರೆ.

ತಿಂಗಳಿಗೊಮ್ಮೆ ಅಂಕಿ ಬರೆಯುವಾತ ಬಂದು, ತಮ್ಮ ಮುಚ್ಚಳ ಎತ್ತಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಹೋದ ತಿಂಗಳಿಗಿಂತ ಈ ತಿಂಗಳು ಹದಿನಾಲ್ಕು ಸಾವಿರ ಲೀಟರು ಕಡಿಮೆ. ಬಳಕೆ ಕಡಿಮೆಯಲ್ಲ ಮಹಾಶಯರೇ, ಅಂಕಿಯೇ ಕಡಿಮೆ. "ಅಜ್ಜಿ, ನಿಮ್ಮನೇಲಿ ಏನ್ ನಡೀತಾ ಇದೆ?" ಎಂದು ಆತ ದನಿ ತಗ್ಗಿಸಿ ಕೇಳಿದ.

"ತೋಟ ನಡೀತಾ ಇದೆ" ಎಂದರು ಅತ್ತೆ.

ಹತ್ತು ದಿನಕ್ಕೆ ಎರಡನೆಯ ನೋಟೀಸು ಬಂತು. ಅದನ್ನು ಬರೆದವರ ತರ್ಕಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಕಾಲೇಜಿನ ತರ್ಕಶಾಸ್ತ್ರದ ಮೇಷ್ಟರೂ ಇಷ್ಟು ಸಾಫಾಗಿ ಮಂಡಿಸುತ್ತಿರಲಿಲ್ಲ. ಮೀಟರು ಸುಳ್ಳು ಹೇಳುವುದಿಲ್ಲ. ಮೀಟರು ಹಿಂದಕ್ಕೆ ಓಡಿದೆ. ಆದ್ದರಿಂದ ಈ ಮನೆಯಿಂದ ಹದಿನಾಲ್ಕು ಸಾವಿರ ಲೀಟರು ನೀರು ಸಾರ್ವಜನಿಕ ಪೈಪಿಗೆ ಹರಿದಿದೆ. ಆದ್ದರಿಂದ ಈ ಮನೆಯಲ್ಲಿ ಅನುಮತಿಯಿಲ್ಲದ ಒಂದು ಬಾವಿಯಿದೆ. ಹಿತ್ತಲಿನಲ್ಲಿ 'ನೆಲದಲ್ಲಿ ಹುದುಗಿಸಿ ಮುಚ್ಚಳದಿಂದ ಮರೆಮಾಚಿದ ಹದಿಮೂರು ಸಂಶಯಾಸ್ಪದ ಬಾಯಿಗಳು' ಕಂಡುಬಂದಿರುವುದು ಇದಕ್ಕೆ ಪುಷ್ಟಿ ಕೊಡುತ್ತದೆ. ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಎಂಟು ಜನ ಕೂಲಿಕಾರರು ಗುದ್ದಲಿ, ಹಾರೆಗಳೊಂದಿಗೆ ಬಂದು ಹಿತ್ತಲನ್ನು ಅಗೆದು ನೋಡುವರು. ತನಿಖೆ ಪೂರ್ತಿಯಾಗಿ ವರದಿ ಸಲ್ಲಿಕೆಯಾಗುವವರೆಗೆ ಮನೆಯ ನೀರಿನ ಸರದಿಯಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ. ತೋಟವನ್ನು ಸಾಕ್ಷ್ಯವೆಂದು ಪರಿಗಣಿಸಿ ಇದ್ದಂತೆಯೇ ಕಾಪಾಡತಕ್ಕದ್ದು.

ನಾನು ಹೆದರಿ, ಎಲ್ಲವನ್ನೂ ಒಪ್ಪಿಕೊಂಡುಬಿಡೋಣ, ಅದು ಬರೀ ಪಂಪಿನ ಗಾಳಿ ಎಂದು ಹೇಳಿಬಿಡೋಣ ಎಂದೆ. ಅತ್ತೆ ಮಾತ್ರ ಕೊನೆಯ ಎರಡು ವಾಕ್ಯಗಳನ್ನು ನನ್ನಿಂದ ಮೂರು ಸಲ ಓದಿಸಿದರು. ಆಮೇಲೆ ಬೆರಳು ಮಡಿಸಿ ಎಣಿಸಿದರು. ಹಣ್ಣಾಗಲು ಇನ್ನು ಇಪ್ಪತ್ತೆಂಟು ದಿನ. "ವರದಿ ಬರೆಯೋಕೆ ಇವರಿಗೆ ಎಷ್ಟು ದಿನ ಬೇಕು?" ಎಂದು ಕೇಳಿದರು. ಬಸ್ ನಿಲ್ದಾಣದ ಬೆಂಚು ಮುರಿದ ಬಗ್ಗೆ ವರದಿ ಬರಲು ಎರಡು ವರ್ಷವಾಯಿತು ಎಂದೆ. ನಾನು ಸೊಸೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನ ಬೆನ್ನು ತಟ್ಟಿದರು, ನಾನೇ ಬೆಂಚು ಮುರಿದಿದ್ದೆನೋ ಎಂಬಂತೆ.

ಮರುದಿನ ಅಂಕಿ ಬರೆಯುವಾತ ಸುಮ್ಮನೆ ಬಂದವನಂತೆ ಬಂದು, "ಬಾವಿ ಎಲ್ಲಿದೆ ಅಂತ ಹೇಳ್ಬಿಡಿ ಅಜ್ಜಿ, ಅಗೆಯೋರಿಗೂ ಕೆಲಸ ಹಗುರ ಆಗತ್ತೆ" ಎಂದ. ಅತ್ತೆ ಬಹಳ ಹೊತ್ತು ಯೋಚಿಸಿದವರಂತೆ ಕೂತು, "ನನಗೇನ್ ಗೊತ್ತಪ್ಪ? ಆ ಹಿಂದಿನ ಗೋಡೆ ಉದ್ದಕ್ಕೂ ಮಣ್ಣು ಯಾಕೋ ತಂಪು ಅನ್ಸತ್ತೆ, ಅಷ್ಟೆ" ಎಂದರು.

ಆ ಗೋಡೆಯ ಉದ್ದಕ್ಕೂ ಒಂದಡಿ ಕೆಳಗೆ ಸುಣ್ಣಗಲ್ಲಿನ ಗಟ್ಟಿ ಪದರವಿದೆ. ಹೊಸ ಗಿಡಗಳಿಗೆ ಆರು ಗುಣಿ ತೋಡಿಸಬೇಕೆಂದು ಅತ್ತೆ ಐದು ವರ್ಷದಿಂದ ಕೇಳುತ್ತಿದ್ದಾರೆ. ಯಜಮಾನರು ಪ್ರತಿ ವರ್ಷವೂ ಹಾರೆ ಎತ್ತುತ್ತಾರೆ, ಹಾರೆ ಪುಟಿಯುತ್ತದೆ, ಸೊಂಟ ಹಿಡಿಯುತ್ತದೆ, ಗಡಿಯಾರಗಳ ಕಡೆಗೆ ವಾಪಸಾಗುತ್ತಾರೆ. ನಿನ್ನೆ ಸಂಜೆ ಅತ್ತೆ ಅಲ್ಲಿ ಸುಣ್ಣದ ಪುಡಿಯಿಂದ ಆರು ವೃತ್ತಗಳನ್ನು ಎಳೆದಿದ್ದಾರೆ. ಎಂಥ ದುಂಡಗಿನ ವೃತ್ತಗಳೆಂದರೆ ಯಜಮಾನರು ಕೂಡ ಹೊಗಳಿದರು. ಪ್ರತಿಯೊಂದೂ ಎರಡಡಿ ಅಗಲ. ಬಾವಿ ಸಿಗುವುದಾದರೆ ಮೂರಡಿ ಆಳದಲ್ಲಿ ಸಿಗಬೇಕು, ಅದಕ್ಕಿಂತ ಹೆಚ್ಚು ಅಗೆದರೆ ಬೇರಿಗೆ ಒಳ್ಳೆಯದಲ್ಲ ಎಂದು ಅವರ ಖಚಿತ ಅಭಿಪ್ರಾಯ. ದಾಳಿಂಬೆಯ ಸುತ್ತ ಹಗ್ಗ ಕಟ್ಟಿ 'ಸಾಕ್ಷ್ಯ, ಮುಟ್ಟಬಾರದು' ಎಂದು ನನ್ನ ಕೈಯಲ್ಲೇ ಬೋರ್ಡು ಬರೆಸಿದ್ದಾರೆ. ಗಡಿಗೆಗಳಿಗೂ ಒಂದೊಂದು ಚೀಟಿ ಅಂಟಿಸಿದ್ದಾಗಿದೆ.

ಇಷ್ಟಾದ ಮೇಲೆ ತಾವು ಕೇಳಬಹುದು, ಎಲ್ಲವನ್ನೂ ಹೀಗೆ ಬಹಿರಂಗವಾಗಿ ಬರೆದರೆ ಕಚೇರಿಯವರಿಗೆ ತಿಳಿಯುವುದಿಲ್ಲವೇ ಎಂದು. ತಿಳಿಯಲಿ ಎಂದೇ ಬರೆಯುತ್ತಿದ್ದೇನೆ. ಹಿಂದಕ್ಕೆ ಹೋದದ್ದು ಬರೀ ಗಾಳಿ ಎಂದು ಅವರು ಒಪ್ಪುವುದಾದರೆ, ಮುಂದಕ್ಕೆ ಬಂದದ್ದೂ ಗಾಳಿಯೇ ಎಂದು ಬರೆದುಕೊಟ್ಟು, ಮೊದಲ ನೋಟೀಸನ್ನು ಹರಿದುಹಾಕಬೇಕಾಗುತ್ತದೆ. ಗುಣಿಗಳು ಹೋದರೂ ಗಿಡ ಉಳಿಯುತ್ತದೆ. ಇಲ್ಲ, ಮೀಟರು ಅಳೆಯುವುದು ನೀರನ್ನೇ ಎಂದು ಪಟ್ಟು ಹಿಡಿಯುವುದಾದರೆ, ಹದಿನಾಲ್ಕು ಸಾವಿರ ಲೀಟರಿನ ಬಾವಿಯನ್ನು ಅವರು ಹುಡುಕಲೇಬೇಕು. ಗುಣಿಯೂ ಆಯಿತು, ಗಿಡವೂ ಉಳಿಯಿತು. ಯಾವುದನ್ನು ಆರಿಸಿಕೊಂಡರೂ ನಮ್ಮ ಅತ್ತೆಗೆ ಸಂತೋಷ. ಅವರಿಗೆ ಎರಡನೆಯದು ಸ್ವಲ್ಪ ಹೆಚ್ಚು ಇಷ್ಟ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಕೆಲವೇ. ಸೋಮವಾರದವರೆಗೆ ತಾವು ಯಾರ ಮುಂದೆಯೂ ಮನಸ್ಸು ಬದಲಾಯಿಸಬಾರದು. ನೀರೆಂದು ಹೇಳಿದ ಮೇಲೆ ನೀರೆಂದೇ ಸಾಧಿಸಬೇಕು. ತಾವು ಎಣಿಸಿರುವ ತೊಂಬತ್ತೊಂದು ಸಾವಿರ ಲೀಟರಿನಲ್ಲಿ ನಾವು ಕಂಡ ಹನ್ನೆರಡು ಸಾವಿರವನ್ನು ಕಳೆದು, ಉಳಿದದ್ದನ್ನು ಎಲ್ಲಿಟ್ಟಿದ್ದೀರೆಂದು ತಿಳಿಸಿದರೆ, ಡ್ರಮ್ಮು ಉರುಳಿಸಿಕೊಂಡು ಬಂದು ಒಯ್ಯುತ್ತೇವೆ. ಕಂತಿನಲ್ಲಿ ಕೊಟ್ಟರೂ ಆದೀತು. ಅದು ಕಷ್ಟವೆನಿಸಿದರೆ ಎದುರು ಮನೆಯ ಮೀಟರಿನೊಂದಿಗೆ ಮೂರು ತಿಂಗಳ ಮಟ್ಟಿಗೆ ಸ್ಥಳ ಬದಲಾಯಿಸಿಕೊಳ್ಳಬೇಕು. ತಾವು ಮೇಷ್ಟರ ಹುಲ್ಲುಹಾಸನ್ನು ಎಣಿಸಿ, ಅವರು ನಮ್ಮ ಪೀಪಿಗೆ ಸಾವಧಾನ್ ನಿಲ್ಲಲಿ. ತಮ್ಮಂಥ ಸೂಕ್ಷ್ಮಗ್ರಾಹಿಗಳನ್ನು ಒಂದು ಗೋಡೆಗೆ ಕಟ್ಟಿಹಾಕುವುದು ಅನ್ಯಾಯ. ತಮ್ಮನ್ನು ಕಚೇರಿಯ ಸಭಾಂಗಣದ ಬಾಗಿಲಿಗೆ ಕೂರಿಸಿದ್ದರೆ, ಒಂದೇ ಮಧ್ಯಾಹ್ನದ ಭಾಷಣಗಳಲ್ಲಿ ಊರಿಗೆ ಒಂದು ವರ್ಷಕ್ಕೆ ಸಾಲುವಷ್ಟು ನೀರು ಲೆಕ್ಕಕ್ಕೆ ಸಿಗುತ್ತಿತ್ತು.

ಹಣ್ಣಾದ ದಿನ ತಮ್ಮನ್ನು ಮರೆಯುವುದಿಲ್ಲ. ಹನ್ನೊಂದರಲ್ಲಿ ಒಂದು ಡ್ರಿಲ್ ಮೇಷ್ಟರಿಗೆ, ಹಲ್ಲಿನ ಮಾತು ಕೊಟ್ಟಾಗಿದೆ. ಒಂದು ಸ್ವೆಟರು ಹಾಕಿಕೊಂಡು ಕೂತ ಮ್ಯಾನೇಜರಿಗೆ. ಒಂದನ್ನು ಅತ್ತೆ ತಮ್ಮ ಪೆಟ್ಟಿಗೆಯ ಮೇಲೆ ಇಡುವುದಾಗಿ ಹೇಳಿದ್ದಾರೆ. ಅದರ ಕಾಳುಗಳನ್ನು ತಾವು ಎಣಿಸಬಹುದು. ಅವರಿಗೂ ಒಂದು ಲೆಕ್ಕ ಬೇಕಂತೆ, ತಮ್ಮ ಅಂಕಿಯನ್ನು ಅವರು ನಂಬುವ ಮೊದಲ ಸಲವಾಗಿರುತ್ತದೆ.

ಗಾಳಿಯಷ್ಟೇ ಹಗುರಾದ ಮನಸ್ಸಿನಿಂದ, ನೀರಿನಷ್ಟೇ ಅಪರೂಪದ ಗೌರವದಿಂದ,

ತಮ್ಮ ವಿಶ್ವಾಸಿ,
ಬೀದಿಯ ಕೊನೆಯ ಮನೆಯ ಸೊಸೆ

ಮರೆತ ಮಾತು: ಸೋಮವಾರ ಅಗೆಯಲು ಬರುವವರು ಕುಡಿಯುವ ನೀರನ್ನು ದಯವಿಟ್ಟು ತಾವೇ ತರಬೇಕು; ನಮ್ಮಲ್ಲಿರುವುದು, ತಮ್ಮ ಸಾಕ್ಷಿಯಾಗಿ, ಬಹುಪಾಲು ಗಾಳಿ. ಕೆಲಸ ಮುಗಿಸಿ ಕೈಕಾಲು ತೊಳೆಯುವವರು ಅಗೆದ ಗುಣಿಗೊಬ್ಬರಂತೆ ಒಳಗಿಳಿದು ನಿಂತು ತೊಳೆಯತಕ್ಕದ್ದು. ಗುಣಿ ಆರು, ಕೂಲಿಕಾರರು ಎಂಟು. ಉಳಿದ ಇಬ್ಬರು ನೆಂಟರಿದ್ದಂತೆ, ಅವರಿಗೆ ಪುದೀನ.